ತಾಂತ್ರಿಕ ತಿದ್ದುಪಡಿ

ಅಗಸ್ಟಾದ ಶಾಸನ ಕಚೇರಿಯಲ್ಲಿ
ಲೋರ್ನಾ ಥಿಬಡೊ ಕೆಂಪು ಪೆನ್ಸಿಲ್ ಹೆರೆಯುತ್ತಾಳೆ.
'ಅಥವಾ' ಇದ್ದಲ್ಲಿ 'ಮತ್ತು'.
ಎರಡು ಸಲ ಬಂದ ಕರಡಿಗೆ ಒಂದೇ ಸಲ ಸಾಕು.
ಅಲ್ಪವಿರಾಮವೊಂದು ಜಾರಿ
ಬಾತುಕೋಳಿಯ ಋತುವಿಗೆ ಸೇರಿಹೋಗಿದ್ದ ಜಿಂಕೆ
ತನ್ನ ನವೆಂಬರಿಗೆ ಮರಳಿತು.

ಆಮೇಲೆ ಪೆಲ್ಕಿ ಕೆರೆ.
ಕಟ್ಟೆ ಒಡೆದು ಹನ್ನೊಂದು ವರ್ಷ,
ನೀರಿದ್ದಲ್ಲಿ ಈಗ ಆಲ್ಡರ್ ಪೊದೆ.
ಕಾನೂನಿನಲ್ಲಿ ಮಾತ್ರ ಇನ್ನೂ ತುಂಬಿ ಕೋಡಿ:
ದಿನಕ್ಕೆ ಎರಡೇ ಟ್ರೌಟ್,
ಜೀವಂತ ಎರೆ ನಿಷಿದ್ಧ.

ಅಲ್ಲೇ, ಮಗುಚಿದ ಬಕೆಟ್ಟಿನ ಮೇಲೆ,
ಅಪ್ಪನ ಕೋಟಿನ ವಾಸನೆಗೆ ಒರಗಿ
ಮಂಜುಗಡ್ಡೆಯ ತೂತಿಗೆ ದಾರ ಇಳಿಬಿಟ್ಟಿದ್ದಳು.
ಸಂಜೆಯವರೆಗೂ ಒಂದೂ ಕಚ್ಚಲಿಲ್ಲ.

ಪೆನ್ಸಿಲ್ ಮತ್ತೊಮ್ಮೆ ಹೆರೆದಳು,
ಮೊನಚಾಗಿಯೇ ಇತ್ತು.
ಗೆರೆ ಎಳೆದಳು.
ಅಂಚಿನಲ್ಲಿ ವಾಡಿಕೆಯ ಷರಾ:
ಅರ್ಥದಲ್ಲಿ ಯಾವ ಬದಲಾವಣೆಯೂ ಇಲ್ಲ.