ಹಾಲಿಗೂ ಗುಳಿಗೆಗೂ ನಡುವೆ

ನನ್ನ ಚೀಲದಲ್ಲಿ ಏನಿದೆಯೆಂದು
ಈ ಬಯಲಿನ ಉಣ್ಣೆ ಗುಡಾರಗಳ ಮಕ್ಕಳಿಗೆಲ್ಲ ಗೊತ್ತು:
ಕೆಮ್ಮಿಗೆ ಅತಿಮಧುರದ ಸಿರಪ್ಪು,
ಬೇಧಿಗೆ ಉಪ್ಪು-ಸಕ್ಕರೆಯ ಪೊಟ್ಟಣ,
ಬಿಪಿ ನೋಡುವ ಪಟ್ಟಿ. ತೋಳಿಗೆ ಸುತ್ತಿ ಗಾಳಿ ತುಂಬಿದರೆ
ಹುಡುಗರು ಸಾಲು ನಿಲ್ಲುತ್ತಾರೆ, ತಮಗೂ ಬೇಕೆಂದು.
ಮೂವತ್ತೊಂದು ವರ್ಷ, ಅದೇ ಚೀಲ,
ಮೂರನೆಯ ಮೋಟಾರ್ ಸೈಕಲ್ಲು.
ನಾನು ಡಾಕ್ಟರಲ್ಲ. ಆದರೆ ಜಾವಖಾನದ ಈ ಮೂಲೆಯಿಂದ
ಡಾಕ್ಟರಿರುವ ಊರಿಗೆ ಎಂಬತ್ತು ಕಿಲೋಮೀಟರ್,
ಆದ್ದರಿಂದ ಡಾಕ್ಟರೇ ಎನ್ನುತ್ತಾರೆ,
ನಾನೂ ಓಗೊಡುತ್ತೇನೆ.

ಗೊಂಬೊಸುರೆನ್‌ಗೆ ಜ್ವರ ಬಂದದ್ದು
ಆಡುಗಳು ಮರಿ ಹಾಕಿ ಮುಗಿದ ಮೇಲೆ.
ಬರಿಗೈಯಲ್ಲಿ ಎಳೆದಿದ್ದ, ನೂರಕ್ಕೂ ಹೆಚ್ಚು;
ಕಂದು ಹಾಕಿದವೂ ಹತ್ತಾರಿದ್ದವು.
ಹಗಲು ಗಟ್ಟಿಗ. ಸಂಜೆಯಾದರೆ ನಡುಕ,
ನಡುರಾತ್ರಿ ಬೆವರು, ಸೊಂಟದಲ್ಲಿ ಗೂಟ ಹೊಡೆದ ನೋವು.
ಮರೆತ ಟೋಪಿಗೆಂದು ತಿರುಗಿ ಬರುವ ನೆಂಟನಂತೆ
ಹೋದ ಜ್ವರ ಮತ್ತೆ ಬಾಗಿಲಲ್ಲಿ.
ರಕ್ತ ಊರಿಗೆ ಹೋಯಿತು, ಊರಿಂದ ಹೆಸರು ಬಂತು:
ಬ್ರೂಸೆಲ್ಲೋಸಿಸ್.
ಬಾಯಲ್ಲಿ ಎರಡು ಸಲ ಹೊರಳಿಸಿ
"ರಷ್ಯದವಳ ಹೆಸರಿನ ಹಾಗಿದೆ" ಎಂದ.

ಎರಡು ಬಗೆಯ ಗುಳಿಗೆ, ಬೆಳಿಗ್ಗೆ, ರಾತ್ರಿ, ನಲವತ್ತೈದು ದಿನ.
ಡಾಕ್ಸಿಸೈಕ್ಲಿನ್ ಒಂದು. ಇನ್ನೊಂದು ರಿಫಾಂಪಿಸಿನ್,
ಉಚ್ಚೆ ಕಿತ್ತಳೆಯಾಗುತ್ತದೆ, ಹೆದರಬೇಡ ಎಂದೆ.
ಅದಕ್ಕೆ ಹೆದರಲಿಲ್ಲ.
"ಹಾಲಿನ ಜೊತೆ ನುಂಗಬೇಡ" ಎಂದಾಗ ಹೆದರಿದ.
ಹಾಲು ಮದ್ದನ್ನು ಕಟ್ಟಿಹಾಕುತ್ತದೆ, ಎರಡು ಗಂಟೆ ದೂರವಿಡು,
ಬೇಕಾದರೆ ಕರಿ ಚಹಾ ಕುಡಿ.
ಹಸಿ ಹಾಲಂತೂ ಬೇಡವೇ ಬೇಡ, ಕುದಿಯಲಿ, ಉಕ್ಕಲಿ.
ಆಡಿನಿಂದ ಬಂದ ರೋಗ, ಹಾಲಲ್ಲೂ ಇದ್ದೀತು,
ಮದ್ದಿಗೆ ಅಡ್ಡ ಬರುವುದೂ ಹಾಲೇ.
ಹಾಲು ತೆಗೆದರೆ ನಮ್ಮಲ್ಲಿ ಉಳಿಯುವುದು
ಗಾಳಿ.

ತ್ಸೆರೆನ್‌ಹಂದ್ ಒಲೆಗೆ ಬೆರಣಿ ಒಟ್ಟುತ್ತ ಕೇಳಿದಳು:
"ಮುಂಜಾನೆ ಮೊದಲ ಸೌಟು ಆಕಾಶಕ್ಕೆ ಚಿಮುಕಿಸುತ್ತೇನಲ್ಲ,
ಅದನ್ನೂ ಕುದಿಸಬೇಕೆ?"
ನಾನು ಓದಿದ ಪುಸ್ತಕದಲ್ಲಿ ಉತ್ತರವಿರಲಿಲ್ಲ.
ಆಕಾಶಕ್ಕೆ ಸೊಂಟವಿಲ್ಲವಲ್ಲ ಎಂದೆ.
ನಕ್ಕಳು, ನಗುತ್ತಲೇ ನಡುಗಂಬ ಹಿಡಿದು ಎದ್ದಳು.
ಗುಡಾರದ ನಡುಗಂಬವನ್ನು ನಮ್ಮಲ್ಲಿ
ಯಾರೂ ಆತುಕೊಳ್ಳುವುದಿಲ್ಲ.
ನೋಡಿದೆ. ನೋಡಿಯೂ ಬರೆದುಕೊಳ್ಳಲಿಲ್ಲ.

ಮೂರನೆಯ ವಾರ ಖಾಲಿ ಹಾಳೆಗಳನ್ನು ಎಣಿಸಿದೆ, ಲೆಕ್ಕ ಸರಿ.
ಮುಖ ಕಿವುಚಿಕೊಂಡು ಕರಿ ಚಹಾ ಕುಡಿಯುತ್ತಿದ್ದಾನೆ, ಅದೂ ಸರಿ.
ಜ್ವರ ಮಾತ್ರ ಇದೆ.
ನಾಲ್ಕನೆಯ ವಾರವೂ ಹಾಗೇ.
ಗುಳಿಗೆಯೇ ನಕಲಿ ಎಂದು ಔಷಧಿ ಅಂಗಡಿಯವನನ್ನು
ಬಾಯಿಗೆ ಬಂದಂತೆ ಬೈದೆ, ಪಾಪ.

ಆ ರಾತ್ರಿ, ಮೇ ತಿಂಗಳೆಂಬ ನಾಚಿಕೆಯಿಲ್ಲದೆ, ಹಿಮ ಸುರಿಯಿತು.
ಅಲ್ಲೇ ಮಲಗಿದೆ.
ಬೆಳಗಿನ ಜಾವ ಹೊರಗೆ ಬಂದರೆ
ಬಿಳುಪಿನ ಮೇಲೆ ಕಿತ್ತಳೆ ಬಣ್ಣ
ಎರಡು ಕಡೆ.
ಒಂದು ಮೋಟಾರ್ ಸೈಕಲ್ಲಿನಾಚೆ, ಗಂಡಸು ನಿಲ್ಲುವಲ್ಲಿ.
ಇನ್ನೊಂದು ದೊಡ್ಡಿಯ ಮರೆಯಲ್ಲಿ,
ಪಕ್ಕದಲ್ಲಿ ಪುಟ್ಟ ಬೂಟಿನ ಹೆಜ್ಜೆ.

"ಎಷ್ಟು ದಿನದಿಂದ?" ಎಂದೆ.
ಅವಳು ಒಲೆ ನೋಡಿದಳು. ಅವನೇ ಹೇಳಿದ:
"ಬೆಳಗಿನದು ನನಗೆ, ರಾತ್ರಿಯದು ಅವಳಿಗೆ.
ಒಬ್ಬರೇ ತಿನ್ನುವ ರೂಢಿ ಈ ಮನೆಯಲ್ಲಿಲ್ಲ, ಡಾಕ್ಟರೇ."
ರೋಗಾಣುವಿಗೆ ದಾಂಪತ್ಯ ತಿಳಿಯದು,
ಅರ್ಧ ಮದ್ದೆಂದರೆ ಅದಕ್ಕೆ ಗರಡಿ ಮನೆ
ಎಂದು ಬೈದೆ, ಗಟ್ಟಿಯಾಗಿಯೇ.
ಬೈಯುತ್ತ ಚೀಲ ಬಿಚ್ಚಿ
ಎರಡು ಹೆಸರು ಬರೆದೆ, ಎರಡರ ಮುಂದೆಯೂ
ದಿನ ಒಂದು.

ಹೊರಟಾಗ ತ್ಸೆರೆನ್‌ಹಂದ್ ಬಾಗಿಲಲ್ಲಿ ಸೌಟು ಎತ್ತಿದ್ದಳು.
ಆಕಾಶದ ಪಾಲಿನಿಂದ ದಟ್ಟ ಹಬೆ ಏಳುತ್ತಿತ್ತು.

ದಿಬ್ಬ ದಾಟಿದ ಮೇಲೆ ನೆನಪಾಯಿತು,
ನನ್ನ ಬಿಪಿ ಗುಳಿಗೆ ನುಂಗಿ ಮೂರು ದಿನ.
ಗಾಡಿ ನಿಲ್ಲಿಸಿ ಚೀಲದ ತಳ ತಡಕಿದೆ, ಸಿಕ್ಕಿತು.
ಫ್ಲಾಸ್ಕಿನಲ್ಲಿದ್ದುದು ಅವಳೇ ತುಂಬಿಕೊಟ್ಟ ಹಾಲಿನ ಚಹಾ,
ಕೈತುಂಬ ಉಪ್ಪು ಹಾಕಿದ್ದು.
ಅದರಲ್ಲೇ ನುಂಗಿದೆ.