ಸಾವಿರದ ನಾಲ್ಕು

ಚೌಕಿಪೇಟೆಯ ಸಂದಿಯಲ್ಲಿ ನಮ್ಮ ಪ್ರೆಸ್ಸು.
ಮದುವೆ ಕಾರ್ಡು, ಶಿವಗಣಾರಾಧನೆ ಕಾರ್ಡು,
ಮಂಡಿಯವರ ಬಿಲ್ ಬುಕ್ಕು, ಲಾರಿ ಆಫೀಸಿನ ರಸೀದಿ.
ಲೈಸೆನ್ಸಿಗೆ ಕಾಸು ಬಿಚ್ಚದ ಧಣಿಯ ದೆಸೆಯಿಂದ
ಮೊದಲಿನಿಂದಲೂ ಇಲ್ಲಿ ಲಿನಕ್ಸು.

ಬಕ್ಕೇಶಪ್ಪನವರು ತೀರಿದ ಮೂರನೇ ದಿನಕ್ಕೇ
ಅವರ ಖಾತೆ ಅಳಿಸಿದ್ದರು ಯಾರೋ.
ಫೋಲ್ಡರು ಮಾತ್ರ ಉಳಿದಿತ್ತು.
ಪಟ್ಟಿ ತೆಗೆದರೆ
ಒಡೆಯನ ಹೆಸರಿರಬೇಕಾದ ಕಡೆ ಬರೀ ನಂಬರು:
ಸಾವಿರದ ನಾಲ್ಕು, ಸಾವಿರದ ನಾಲ್ಕು, ಸಾವಿರದ ನಾಲ್ಕು,
ಹದಿನಾರು ವರ್ಷ, ಸಾಲುಸಾಲು,
ಹಮಾಲರ ತೋಳಿನ ಹಿತ್ತಾಳೆ ಬಿಲ್ಲೆಯ ಹಾಗೆ.

ಇವತ್ತು ಹರಪನಹಳ್ಳಿಯಿಂದ ಗಿರಾಕಿ ಬಂದು ಕೂತರು.
ಅಣ್ಣನ ಕಾರ್ಡಿನ ಹಾಗೇ ತಮ್ಮನದೂ ಬೇಕು,
ಎಡಮೂಲೆಯಲ್ಲಿ ಅದೇ ಗಿಳಿ, ಕುತ್ತಿಗೆ ಸ್ವಲ್ಪ ಓರೆ.
ಫೈಲು ತೆರೆಯಿತು. ಓದಲಿಕ್ಕೂ ಬಂತು.
ಒಂದಕ್ಷರ ತಿದ್ದಿ ಉಳಿಸಹೋದೆ,
ಅನುಮತಿ ಇಲ್ಲ ಅಂದಿತು.
"ನಿನ್ ಹೆಸರಿಗೆ ಮಾಡ್ಕ್ಯಳವ್ವ ಅತ್ಲಾಗೆ" ಅಂದರು ಧಣಿ,
ಸೈಟಿನ ಮಾತಾಡಿದ ಹಾಗೆ.

ನಮ್ಮವ್ವನ ಎರಡು ಅಂಕಣದ ಮನೆಯನ್ನು
ನನ್ನ ಹೆಸರಿಗೆ ಏರಿಸಲು ಪಾಲಿಕೆಗೆ
ಹನ್ನೊಂದು ತಿಂಗಳು ಅಲೆದವಳು ನಾನು.
ವಂಶವೃಕ್ಷ, ಮರಣಪತ್ರ, ಕಂದಾಯದ ಚೀಟಿ,
ಮತ್ತೆ ಸಾಹೇಬರು ಊಟಕ್ಕೆ ಹೋಗಿದ್ದಾರೆ.
ಇಲ್ಲಿ ಒಂದೇ ಸಾಲು.
ಸುಡೊ, ಅಂದರೆ ಬೇರಿನ ಅಪ್ಪಣೆ.
ಚೌನ್. ಅಡ್ಡಗೀಟು ಹಾಕಿ ದೊಡ್ಡ ಆರ್,
ಅಂದರೆ ಒಳಗಿನದರ ಒಳಗಿನದೂ.
ನನ್ನ ಹೆಸರು, ಎರಡು ಚುಕ್ಕಿ, ಪ್ರೆಸ್ಸಿನ ಗುಂಪು,
ಆಮೇಲೆ ಅವರ ಫೋಲ್ಡರಿನ ದಾರಿ.

ಎಂಟರ್ ಒತ್ತುವ ಮುಂಚೆ ಮೂರು ಸಲ ಓದಿದೆ.
ಹೋದ ವರ್ಷ ಧಣಿಯ ಷಡ್ಡಕನ ಮಗ ಕೊಟ್ರೇಶಿ
ಇಂಥದೇ ಸಾಲಿನಲ್ಲಿ, ಮೊದಲ ಓರೆಗೀಟಿನ ಆಚೆ
ಒಂದು ತೆರಪು ಬಿಟ್ಟಿದ್ದ.
ಅಷ್ಟೇ.
ಬೇರಿನಿಂದ ತುದಿಯ ತನಕ ಇಡೀ ಯಂತ್ರ
ಅವನ ಹೆಸರಿಗಾಯಿತು.
ಎಲ್ಲಾ ತನ್ನದಾದ ಮೇಲೆ
ಯಾವುದೂ ಅವನ ಮಾತು ಕೇಳಲಿಲ್ಲ.
ಸುಡೊ ಕೂಡ, ನಾನೀಗ ಬೇರಿನವನಲ್ಲ, ಏಳಲಾರೆ ಅಂತ
ಹೊದ್ದು ಮಲಗಿತು.

ಒತ್ತಿದೆ. ಪಾಸ್‌ವರ್ಡ್ ಕೇಳಿತು,
ಕೊಟ್ಟೆ ಕತ್ತಲಲ್ಲಿ, ಒಂದು ಚುಕ್ಕಿಯೂ ಕಾಣದೆ.
ಆಯಿತು ಅನ್ನಲಿಲ್ಲ ಅದು.
ತಪ್ಪಿದರೆ ಮಾತ್ರ ಬಾಯಿಬಿಡುವ ಜಾತಿ.
ಮತ್ತೆ ಪಟ್ಟಿ ತೆಗೆದೆ.
ಹಾಲಮ್ಮ, ಹಾಲಮ್ಮ, ಹಾಲಮ್ಮ.
ತಾರೀಖುಗಳು ಕದಲಿರಲಿಲ್ಲ.
ಗಿಳಿಗೆ ಕೊನೆಯ ಸಲ ಕೈ ತಾಗಿದ್ದು ಏಪ್ರಿಲ್ಲಿನ ಒಂದು ರಾತ್ರಿ,
ಹನ್ನೊಂದು ನಲವತ್ತು.
ಕರೆಂಟು ಬಂದುಬಂದು ಹೋಗುತ್ತಿದ್ದ ರಾತ್ರಿ,
ನಾನು ಟಾರ್ಚು ಹಿಡಿದಿದ್ದೆ,
ಕೀಲಿಮಣೆಗೆ ಬೇಕಿಲ್ಲ ಮಾರಾಯ್ತಿ, ಫ್ಯಾನಿಗೆ ಹಿಡಿ ಅಂತ
ನಕ್ಕಿದ್ದರು.

ತಳದಲ್ಲೊಂದು ಸಣ್ಣ ಫೈಲು, ಹೆಸರು ಬಾಕಿ.
ಗೌಸ್‌ಪೀರ್ ಅಂಗಡಿ: ಟೀ ಹದಿನಾಲ್ಕು,
ಮಂಡಕ್ಕಿ ಮೂರು,
ಮಿರ್ಚಿ ಏಳು, ಅದರಲ್ಲಿ ನಾಲ್ಕು ಹಾಲಮ್ಮ ತಿಂದದ್ದು.
ಇದರ ಮುಂದೂ ಈಗ ನನ್ನದೇ ಹೆಸರು.

ಸಂಜೆ ಹೋದೆ.
ಎಣ್ಣೆ ಹೊಗೆಯ ಹಿಂದೆ ಗೋಡೆ, ಗೋಡೆಯ ಮೇಲೆ
ಇದ್ದಿಲಿನಲ್ಲಿ ಬರೆದ ಊರಿನ ಸಾಲ.
"ಯಾರ್ ಲೆಕ್ಕನವ್ವ?"
"ನಂದೇ" ಅಂದೆ, ಬೆರಳಿಟ್ಟು ತೋರಿಸಿದೆ.
ಗೌಸ್‌ಪೀರ್ ಸಾಬರು ನನ್ನನ್ನೊಮ್ಮೆ ನೋಡಿ
ರೊಕ್ಕ ಎಣಿಸಿದರು, ಹತ್ತು ರೂಪಾಯಿ ವಾಪಸ್ಸು ಕೊಟ್ಟರು.
ಒದ್ದೆ ಬಟ್ಟೆ ಹಿಂಡಿ ಗೋಡೆ ಕಡೆ ತಿರುಗಿ
ನಂಬರು ಒರೆಸಿದರು.
ಹೆಸರು ಒರೆಸಲಿಲ್ಲ.