ವೀಕ್ಲಿ ಆಫ್

ವಾರಕ್ಕೊಂದು ರಜೆ, ಅದೂ ಮಂಗಳವಾರ.
ಐದಕ್ಕೇ ಹುಂಜ ಕೂಗಿತು, ನಾನು ಬೈದೆ,
ಅದು ಇನ್ನೊಮ್ಮೆ ಕೂಗಿತು.
ಎದ್ದೆ.

ಹೆಸರಘಟ್ಟದ ಈಚೆಗೆ ನಮ್ಮದು ಎಂಟು ಗುಂಟೆ.
ಒಂದು ಕಡೆ ಲೇಔಟಿನವರ ಕಾಂಪೌಂಡು,
ಇನ್ನೊಂದು ಕಡೆ ಹೊಂಗೆ:
ಹೋದ ವಾರ ಬೋಳು, ಇವತ್ತು ನೋಡಿದರೆ
ಎಣ್ಣೆ ಹಚ್ಚಿದ ಹಾಗೆ ಮಿರಮಿರ ಚಿಗುರು.
ಯಾರೂ ನೀರು ಹಾಕಿಲ್ಲ ಅದಕ್ಕೆ. ಅದರ ಲೆಕ್ಕ ಬೇರೆ.

ಮೊದಲು ತಿಪ್ಪೆ.
ಶಿವಶಿವಾ ಅಂತ ಚಳಿ ಹೋಗಿ ಎಷ್ಟೋ ದಿನ,
ಗೊಬ್ಬರ ಮಾತ್ರ ಒಳಗೊಳಗೇ ಬಿಸಿ,
ಕೈಯಿಟ್ಟರೆ ಜ್ವರದ ಮಗುವಿನ ಹೊಟ್ಟೆ.
ಹದಿನೆಂಟು ಬಾಂಡಲಿ ಹೊತ್ತೆ.
ಎಣಿಸುವುದು ನನಗೆ ಚಟ,
ಹತ್ತೊಂಬತ್ತು ವರ್ಷದಿಂದ ಬಸ್ಸಿನಲ್ಲಿ ತಲೆ ಎಣಿಸುವವಳು,
ಹತ್ತಿದವರು, ಇಳಿದವರು, ಪಾಸು, ಲಗೇಜು.

ಅತ್ತೆ ಅಕ್ಕಯ್ಯಮ್ಮ ಜಗಲಿಯ ಮೇಲೆ
ಹೀರೆಬೀಜ ನೀರಿಗೆ ಹಾಕಿ
ತೇಲಿದ್ದನ್ನೆಲ್ಲ ಕೋಳಿಗೆ ಎರಚುತ್ತಾಳೆ.
ಮಂಗಳವಾರ ಬಿತ್ತಬಾರದು, ನೆನೆಹಾಕಬಹುದು:
ಅವಳದೇ ಕಾನೂನು.
ಕಳೆದ ಯುಗಾದಿಗೆ ನಾನು ತಂದ ಪ್ಯಾಕೆಟ್ಟಿನ ಬೀಜ
ಮೂರೇ ಬಳ್ಳಿ ಕೊಟ್ಟಿದ್ದನ್ನು ಅವಳು ಎತ್ತಿ ಆಡುವುದಿಲ್ಲ.
ಖಾಲಿ ಪ್ಯಾಕೆಟ್ಟು ಮಾತ್ರ
ಕ್ಯಾಲೆಂಡರಿನ ಪಕ್ಕ ಮೊಳೆಗೆ ಸಿಕ್ಕಿಸಿದೆ.

ಕಾವಿಗೆ ಕೂತ ಹೇಂಟೆ
ನನ್ನ ಹಳೇ ಟಿಕೆಟ್ ಪೆಟ್ಟಿಗೆಯಲ್ಲಿ.
ಮೆಷಿನ್ನು ಬಂದ ಮೇಲೆ ಅಟ್ಟ ಸೇರಿದ್ದ ತಗಡು,
ಈಗ ಒಳಗೆ ಹುಲ್ಲು, ಒಂಬತ್ತು ಮೊಟ್ಟೆ,
ರೆಕ್ಕೆ ಹೊರಗೆ ಚೆಲ್ಲಿದೆ.
ಮುಂದೆ ಹೋಗಿ, ಮುಂದೆ ಹೋಗಿ ಅಂದೆ.
ಕುಕ್ಕಿತು.

ಮತ್ತೆ ಕನಕಾಂಬರದ ಒಣಕಡ್ಡಿ ಸವರಿ,
ಚಪ್ಪರದ ಗಳ ಬಿಗಿದು,
ಸಂಜೆಗೆ ಕೆಂದಿಯ ಕಿವಿಯಿಂದ ಉಣ್ಣೆ ಆರಿಸುತ್ತಾ ಕೂತೆ.
ತುಂಬಿದ ದಿನ, ಬಿಗಿದ ಕೆಚ್ಚಲು,
ನನ್ನ ಹೆಗಲ ಮೇಲೆ ಅವಳ ಗದ್ದದ ಭಾರ.
ಇವತ್ತೇ ಹಾಕೇ ತಾಯಿ, ನಾಳೆ ನನಗೆ ಡ್ಯೂಟಿ.
ಕೇಳಿಸಿಕೊಂಡಳು. ಮೆಲುಕು ಹಾಕಿದಳು.

ಬುಧವಾರ ಮಧ್ಯಾಹ್ನ, ಜಾಲಹಳ್ಳಿ ಕ್ರಾಸು,
ಬಸ್ಸು ತುಂಬಾ ಬೆವರು, ಕಾಲಿಡಲು ಜಾಗವಿಲ್ಲ,
ಫೋನಿನಲ್ಲಿ ಅತ್ತೆ ಒಂದೇ ಮಾತು: ಹೆಣ್ಣು.
ಕಟ್ ಮಾಡಿದಳು, ಅವಳ ಕೈಯೆಲ್ಲ ಲೋಳೆ ಇದ್ದಿರಬೇಕು.
ಮುಂದಿದ್ದ ಮೀಸೆಯ ಯಜಮಾನರಿಗೆ
ಹೆಂಗಸರ ಸೊನ್ನೆ ಟಿಕೆಟ್ ಹರಿದುಕೊಟ್ಟೆ.
ಅವರು ಓದಿದರು, ನನ್ನ ಮುಖ ನೋಡಿದರು,
ಇನ್ನೊಂದು ಕೊಡುವವರೆಗೂ ಏನೂ ಹೇಳಲಿಲ್ಲ.

ಹೀರೆಬೀಜ ಬಿತ್ತಿದ್ದೂ ಅವತ್ತೇ.
ಕರು ನೆಕ್ಕಿಸಿ, ಕಸ ಬೀಳುವುದನ್ನು ಕಾಯುತ್ತಾ
ಅತ್ತೆ ಒಬ್ಬಳೇ ಹನ್ನೆರಡು ಗುಳಿ ಮಾಡಿದ್ದಳು.
ಹದಿಮೂರು ಎಂದು ವಾದಿಸಿದಳು. ನಾನು ಎಣಿಸಿದ್ದೇನೆ.

ಶುಕ್ರವಾರ ಡ್ರೈವರ್ ನೂರುಲ್ಲಾಗೆ
ಏಲಕ್ಕಿ ಹಾಕಿದ ಗಿಣ್ಣು, ಸ್ಟೀಲ್ ಡಬ್ಬಿಯಲ್ಲಿ.
ಟ್ರಿಪ್ ಮುಗಿಸಿ, ಸ್ಟೇರಿಂಗಿಗೆ ಒರಗಿ,
ಚಮಚ ಕೇಳದೆ ತಿಂದ.
ಖಾಲಿ ಡಬ್ಬಿ ಕೊಡಬಾರದೆಂದು ಮಾರನೇ ದಿನ
ತನ್ನ ಮನೆಯ ಸಿಹಿಗುಂಬಳದ ಬೀಜ
ಹಿಡಿಯಷ್ಟು ಹಾಕಿ ತಂದ.

ಅತ್ತೆ ಅವನ್ನೂ ನೀರಿಗೆ ಬಿಟ್ಟಳು.
ನಾಲ್ಕು ತೇಲಿದವು.
ಎಲ್ಲವೂ ಮುಳುಗಿದವು ಎಂದೇ
ಅವನಿಗೆ ಹೇಳಿದ್ದೇನೆ.